ಬಾಗಿಲಿನದೊಂದು ಬೂದು, ಫೆಂಡರಿನದೊಂದು ಬೂದು

ಮಡಗಾಂವಿನ ಶೆಡ್ಡಿನಲ್ಲಿ ನೋಡಿದಾಗ ನನ್ನ ಕಾರಿನ ಎಡ ಹಿಂಬಾಗಿಲು ಸರಿಯಾಗಿಯೇ ಇತ್ತು. ಜುಲೈ ತಿಂಗಳು. ಮೇಲೆ ನೀಲಿ ತಾಡಪತ್ರಿ, ಒಳಗೆ ಒಂದೇ ಟ್ಯೂಬ್‌ಲೈಟು. ದುಡ್ಡು ಕೊಟ್ಟು ಹೊರಟೆ. ಕೋಲ್ವಾ ಮುಟ್ಟುವಷ್ಟರಲ್ಲಿ ಮೋಡ ಹರಿದು ಅಡ್ಡಬಿಸಿಲು ಬಿತ್ತು. ಕಾರಿಳಿದ ಮಗಳು ಹಿಂತಿರುಗಿ ನೋಡಿ, "ಅಪ್ಪಾ, ಈ ಬಾಗಿಲು ನಮ್ಮದಲ್ಲ" ಅಂದಳು. ಫೆಂಡರ್ ತಣ್ಣನೆಯ ಬೂದು, ಬಾಗಿಲು ಹಸಿರಿಗೆ ವಾಲಿದ ಬೂದು. ಹತ್ತು ಹೆಜ್ಜೆ ಬಲಕ್ಕೆ ಸರಿದು ನೋಡಿದರೆ ಎರಡೂ ಒಂದೇ!

ಹಳ್ಳಿಯ ಓಣಿಯಲ್ಲಿ ಎದುರು ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಜಂಬಿಟ್ಟಿಗೆಯ ಕಾಂಪೌಂಡಿಗೆ ಉಜ್ಜಿಸಿಕೊಂಡ ಬಾಗಿಲದು. ಗೋವಾದಲ್ಲಿ ಕಾರಿಟ್ಟವರಿಗೆ ಇದು ಹೊಸ ಸುದ್ದಿಯಲ್ಲ. ಬಣ್ಣ ಯಾಕೆ ಕೂಡಲಿಲ್ಲ ಎಂದು ಕೇಳುತ್ತ ಹೋದಾಗ ಒಬ್ಬೊಬ್ಬರದೂ ಒಂದೊಂದು ಉತ್ತರ. ಗದಗಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಪೇಂಟರ್ ಮಿಸ್ತ್ರಿ, "ಬಣ್ಣ ತಪ್ಪಿಲ್ರೀ ಸರ, ನಿಮ್ಮ ಗಾಡೀನ ಬಣ್ಣ ಬಿಟ್ಟೈತಿ" ಅಂದ. ಬಣ್ಣದ ಅಂಗಡಿಯವರು ಶೇಡ್ ಕಾರ್ಡು ತೆಗೆದು, ಇದೇ ಕೋಡಿನಲ್ಲಿ ಬೇರೆ ವೇರಿಯಂಟ್ ಇದೆ, ಅದನ್ನು ಕೇಳಬೇಕಿತ್ತು ಎಂದರು. ಇನ್ನೊಬ್ಬ ಮಿಸ್ತ್ರಿ ಹಿಂದಿನವನ ಕೈ ಸರಿಯಿಲ್ಲ ಎಂದ. ವಿಮೆಯ ವಿಷಯ ಬಲ್ಲ ಗೆಳೆಯ, ಫೆಂಡರಿಗೂ ಸ್ವಲ್ಪ ಹೊಡೆಸಬೇಕಿತ್ತು ಎಂದ. ಹೆಂಡತಿ ಮಾತ್ರ, ಯಾರಿಗೂ ಕಾಣದ್ದು ನಿಮಗೊಬ್ಬರಿಗೇ ಕಾಣುತ್ತದೆ ಎಂದಳು. ಮಗಳ ಸಾಕ್ಷಿ ನಡೆಯಲಿಲ್ಲ.

ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಂದೊಂದು ಉತ್ತರದ ಬೆನ್ನಿಗೂ ದಶಕಗಳ ರಸಾಯನಶಾಸ್ತ್ರ, ಕಣ್ಣಿನ ವಿಜ್ಞಾನ, ಕೈಕಸುಬು ಮತ್ತು ದುಡ್ಡಿನ ಲೆಕ್ಕ ಇದೆ.

ಡ್ಯೂಕೋ ಕಾಲ

ಮೊದಲ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದುದು ಸಾರೋಟಿಗೆ ಹಚ್ಚಿದಂತೆಯೇ: ಬ್ರಷ್ಷು, ವಾರ್ನಿಷ್ಷು, ಪದರದ ಮೇಲೆ ಪದರ, ಒಣಗಲು ವಾರಗಟ್ಟಲೆ ಕಾಯುವುದು. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಬರೀ ಕಪ್ಪಿನಲ್ಲಿ ಬಂತು. ಬಣ್ಣ ಕೂಡುವ ಜಗಳಕ್ಕೆ ಆಗ ಜಾಗವೇ ಇರಲಿಲ್ಲ. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು. ಗಾಳಿಯ ಒತ್ತಡದಲ್ಲಿ ಸಿಂಪಡಿಸಬಹುದು, ವಾರಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಜನರಲ್ ಮೋಟಾರ್ಸ್ ಅದನ್ನು ಓಕ್‌ಲ್ಯಾಂಡ್ ಕಾರಿನ ನೀಲಿಗೆ ಮೊದಲು ಬಳಸಿತು. ಬಣ್ಣ ಬಣ್ಣದ ಕಾರುಗಳು ಸಾಲಾಗಿ ಹೊರಬಂದವು. ಆ ಹೆಸರು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಹುಬ್ಬಳ್ಳಿಯಲ್ಲಾಗಲಿ ಪೊಂಡಾದಲ್ಲಾಗಲಿ ಬಡಗಿ ಕಪಾಟಿಗೆ "ಡ್ಯೂಕೋ ಹೊಡೆಸ್ತೀರಾ?" ಎಂದೇ ಕೇಳುತ್ತಾನೆ.

ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಪೇಂಟರ್ ಎಂದರೆ ಕಣ್ಣಳತೆಯವನು. ನಾಲ್ಕಾರು ಡಬ್ಬಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಇಟ್ಟುಕೊಂಡು, ಕಡ್ಡಿಯಿಂದ ಕಲಸಿ, ತಗಡಿನ ತುಂಡಿಗೆ ಹಚ್ಚಿ ಒಣಗಿಸಿ, ಗಾಡಿಯ ಪಕ್ಕ ಹಿಡಿದು ನೋಡುತ್ತಿದ್ದ. ಘನ ಬಣ್ಣ, ಅಂದರೆ ಮಿಸ್ತ್ರಿಗಳ ಬಾಯಲ್ಲಿ 'ಸಾಲಿಡ್'. ಅದರಲ್ಲಿ ಹೊಳೆಯುವ ಕಣವಿಲ್ಲ, ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ. ಹಳೆಯ ಭಾಗ ಮಾಸಿದ್ದರೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು, ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಉಳಿದರ್ಧವನ್ನು ಯಾರೂ ಎತ್ತುತ್ತಿರಲಿಲ್ಲ. ತೇಪೆ ಹಾಕಿದ ಗಾಡಿ ಓಡುತ್ತದಲ್ಲ, ಅಷ್ಟು ಸಾಕಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ನಂತರದ ದಶಕಗಳಲ್ಲಿ ನಮ್ಮ ಕಾರುಗಳ ಮೇಲೆ ಎರಡು ಪದರದ ಬಣ್ಣ ನೆಲೆಯೂರಿತು. ಕೆಳಗೆ ತೆಳ್ಳಗಿನ ಬೇಸ್ ಕೋಟು, ಮೇಲೆ ಗಾಜಿನಂತಹ ಕ್ಲಿಯರ್ ಕೋಟು. ಬೇಸಿನಲ್ಲಿ ಅಲ್ಯೂಮಿನಿಯಂ ಹಲ್ಲೆಗಳಿದ್ದರೆ (ಫ್ಲೇಕ್) ಮೆಟಾಲಿಕ್, ಅಭ್ರಕದ ಹಲ್ಲೆಗಳಿದ್ದರೆ ಪರ್ಲ್. ಬಣ್ಣ ಕೂಡದ ಪ್ರಶ್ನೆಗೆ ಇವತ್ತಿನ ರೂಪ ಬಂದಿದ್ದು ಇಲ್ಲಿಂದ. ಅಲ್ಲಿಯವರೆಗೆ ಬಣ್ಣ ಎಂದರೆ ಡಬ್ಬಿಯೊಳಗಿನ ವಸ್ತು. ಇಲ್ಲಿಂದಾಚೆಗೆ ಬಣ್ಣ ಎಂದರೆ ಬೆಳಕು, ನಿಂತ ಜಾಗ ಮತ್ತು ಆ ಹಲ್ಲೆ ಮಲಗಿದ ಭಂಗಿ ಮೂರೂ ಸೇರಿ ಆಗುವ ಘಟನೆ.

ಡಬ್ಬಿಯ ಪಕ್ಷ

ಬಣ್ಣದ ಕಂಪನಿಗಳದೂ ಅಂಗಡಿಯವರದೂ ಒಂದು ಪಕ್ಷ. ಸೂತ್ರ ಸರಿಯಿದ್ದರೆ ಬಣ್ಣ ಸರಿ ಎಂಬುದು ಇವರ ವಾದ. ಪ್ರತಿ ಕಾರಿಗೂ ಒಂದು ಬಣ್ಣದ ಕೋಡು ಇರುತ್ತದೆ, ಬಾಗಿಲ ಕಂಬದಲ್ಲೋ ಬಾನೆಟ್ಟಿನ ಕೆಳಗೋ ತಟ್ಟೆಯ ಮೇಲೆ ಬರೆದಿರುತ್ತದೆ. ಅಂಗಡಿಯ ಕಂಪ್ಯೂಟರಿಗೆ ಅದನ್ನು ಕೊಟ್ಟರೆ ಯಾವ ಟೋನರ್ (ಬೆರೆಸುವ ಮೂಲ ಬಣ್ಣ) ಎಷ್ಟು ಗ್ರಾಂ ಎಂಬ ಪಟ್ಟಿ ಬರುತ್ತದೆ. ತಕ್ಕಡಿ ಗ್ರಾಮಿನ ಹತ್ತನೇ ಒಂದು ಭಾಗವನ್ನು ತೂಗಬೇಕು. ಬಾಗಿಲೊಂದಕ್ಕೆ ಬೇಕಾದ ಪುಟ್ಟ ಲೋಟದ ಬಣ್ಣದಲ್ಲಿ ಕೆಲವು ಟೋನರ್‌ಗಳ ಪಾಲು ಅರ್ಧ ಗ್ರಾಮೂ ಇರುವುದಿಲ್ಲ. ಹೆಚ್ಚು ಬಿದ್ದ ಎರಡು ಹನಿ ಕಪ್ಪು ಇಡೀ ಲೋಟವನ್ನು ಎಳೆದುಕೊಂಡು ಹೋಗುತ್ತದೆ. ತಳಕ್ಕೆ ಕೂತ ಅಲ್ಯೂಮಿನಿಯಂ ಪೇಸ್ಟನ್ನು ಚೆನ್ನಾಗಿ ಕಲಕದೆ ಸುರಿದರೆ ತೂಕ ಸರಿಯಿದ್ದೂ ಬಣ್ಣ ತಪ್ಪುತ್ತದೆ.

ಇವರ ಬಲವಾದ ವಾದ ವೇರಿಯಂಟಿನದು. ಒಂದೇ ಕೋಡಿನ ಬಣ್ಣ ಎರಡು ಕಾರ್ಖಾನೆಗಳಲ್ಲಿ, ಎರಡು ವರ್ಷಗಳಲ್ಲಿ, ಇಬ್ಬರು ಬಣ್ಣ ಪೂರೈಸುವವರ ಕೈಯಲ್ಲಿ ಒಂದೇ ಆಗಿ ಬರುವುದಿಲ್ಲ. ಅದಕ್ಕೇ ರಿಪೇರಿ ಬಣ್ಣ ಮಾಡುವ ಕಂಪನಿಗಳು ಮೂಲ ಸೂತ್ರದ ಜೊತೆ ಸ್ವಲ್ಪ ಕೆಂಪು, ಸ್ವಲ್ಪ ದಪ್ಪ ಕಣ, ಸ್ವಲ್ಪ ಗಾಢ ಎಂದು ಪರ್ಯಾಯ ಸೂತ್ರಗಳನ್ನೂ ಕೊಡುತ್ತವೆ. ಕೋಡು ಹೇಳುವುದು ಮನೆತನದ ಹೆಸರು ಮಾತ್ರ, ಮನೆಯಲ್ಲಿ ಯಾರು ಎಂಬುದನ್ನಲ್ಲ.

ಬಣ್ಣದ ಪುಡಿಯೇ ಬದಲಾಗುವುದೂ ಉಂಟು. 2011ರ ಮಾರ್ಚಿನ ಜಪಾನ್ ಭೂಕಂಪದಲ್ಲಿ ಒನಹಾಮಾದ ಮೆರ್ಕ್ ಕಾರ್ಖಾನೆ ನಿಂತುಹೋಯಿತು. ಝಿರಾಲಿಕ್ ಎಂಬ ಮಿನುಗುವ ಪುಡಿ ಅಲ್ಲೇ ಆಗಬೇಕಿತ್ತು. ಅಮೆರಿಕದ ಫೋರ್ಡ್, ಕ್ರೈಸ್ಲರ್ ಕಂಪನಿಗಳು ಕೆಲವು ಕಪ್ಪು, ಕೆಂಪು ಬಣ್ಣಗಳ ಕಾರಿಗೆ ಆರ್ಡರ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದವು. ಹಳದಿ, ಕಿತ್ತಳೆ ಬಣ್ಣಗಳಿಂದ ಸೀಸದ ಕ್ರೋಮೇಟು ಜಾರಿಹೋಗಿದ್ದು ಆರೋಗ್ಯದ ಕಾರಣಕ್ಕೆ. ಅದರ ಬದಲಿಗೆ ಬಂದ ಪುಡಿಗಳು ಹೆಚ್ಚಿನವು ಅಷ್ಟು ಚೆನ್ನಾಗಿ ಕೆಳಗಿನ ಪದರವನ್ನು ಮುಚ್ಚುವುದಿಲ್ಲ. ಆದ್ದರಿಂದ ಕೆಂಪು, ಹಳದಿ ಕಾರಿಗೆ ಪ್ರೈಮರ್ ಯಾವ ಬೂದು ಎಂಬುದೂ ಮೇಲಿನ ಬಣ್ಣವನ್ನು ನಿರ್ಧರಿಸುತ್ತದೆ. ಒಂದು ಭಾಗದಲ್ಲಿ ಪುಟ್ಟಿಯ ಹಳದಿ, ಇನ್ನೊಂದರಲ್ಲಿ ಕಪ್ಪು ಪ್ರೈಮರ್ ಉಳಿದಿದ್ದರೆ ಒಂದೇ ಡಬ್ಬಿಯ ಕೆಂಪು ಎರಡು ಕೆಂಪಾಗುತ್ತದೆ.

ಆದರೂ ಈ ಪಕ್ಷದ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಶೋರೂಮಿನಿಂದ ಈಗ ತಾನೇ ಇಳಿದ ಕಾರಿನ ಬಂಪರನ್ನು ಬಿಸಿಲಿನಲ್ಲಿ ನೋಡಿ: ಫೆಂಡರಿನ ಜೊತೆ ಅದು ಪೂರ್ತಿ ಕೂಡಿರುವುದು ಅಪರೂಪ. ಬಂಪರ್ ಪ್ಲಾಸ್ಟಿಕ್ಕಿನದು, ಬಹುಪಾಲು ಬೇರೆ ಕಡೆ ಬಣ್ಣ ಹೊಡೆಸಿಕೊಂಡು ಬಂದದ್ದು. ಉಕ್ಕಿನ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಆ ಕಾವು ತಡೆಯದು, ಅದಕ್ಕೆ ಕಡಿಮೆ ಕಾವಿನ ಬಣ್ಣ ಬೇಕು. ಎಲ್ಲ ಸೂತ್ರ, ಎಲ್ಲ ಯಂತ್ರ ಇದ್ದವರಿಗೇ ಕೂಡದಿದ್ದಾಗ ತಪ್ಪನ್ನೆಲ್ಲ ಮಡಗಾಂವಿನ ತಕ್ಕಡಿಗೆ ಕಟ್ಟುವುದು ನ್ಯಾಯವಲ್ಲ.

ಕೈಯ ಪಕ್ಷ

'ಕೈ ಸರಿಯಿಲ್ಲ' ಎಂಬುದು ಮಿಸ್ತ್ರಿಗಳು ಒಬ್ಬರನ್ನೊಬ್ಬರು ಬೈಯುವಾಗ ಹೇಳುವ ಮಾತು, ಆದರೆ ಇದರೊಳಗಿನ ವಿಜ್ಞಾನ ಗಟ್ಟಿ. ಮೆಟಾಲಿಕ್ ಬಣ್ಣದ ಅಲ್ಯೂಮಿನಿಯಂ ಹಲ್ಲೆಗಳು ಪುಟ್ಟ ಕನ್ನಡಿಗಳು. ಎಲ್ಲ ಕನ್ನಡಿಗಳೂ ತಗಡಿಗೆ ಸಮಾಂತರವಾಗಿ ಮಲಗಿದರೆ ಎದುರಿನಿಂದ ನೋಡಿದಾಗ ಬೆಳ್ಳಗೆ ಹೊಳೆಯುತ್ತವೆ, ಓರೆಯಿಂದ ನೋಡಿದಾಗ ಕಪ್ಪಾಗುತ್ತವೆ. ಅಡ್ಡಾದಿಡ್ಡಿ ನಿಂತರೆ ಎದುರಿನ ಹೊಳಪು ತಗ್ಗಿ ಓರೆಯ ಹೊಳಪು ಏರುತ್ತದೆ. ಈ ಎದುರು-ಓರೆಗಳ ವ್ಯತ್ಯಾಸಕ್ಕೆ ಪೇಂಟರ್‌ಗಳು ಫ್ಲಾಪ್ ಎನ್ನುತ್ತಾರೆ. ಕೋಲ್ವಾದಲ್ಲಿ ನಾನು ಹತ್ತು ಹೆಜ್ಜೆ ಸರಿದದ್ದಕ್ಕೆ ಬಾಗಿಲು ಮತ್ತೆ ನಮ್ಮದಾದ ಗುಟ್ಟು ಇದೇ.

ಹಲ್ಲೆ ಹೇಗೆ ಮಲಗಬೇಕು ಎಂಬುದನ್ನು ತೀರ್ಮಾನಿಸುವುದು ಕೈ. ಸ್ಪ್ರೇ ಗನ್ನನ್ನು ದೂರ ಹಿಡಿದು, ಗಾಳಿ ಜಾಸ್ತಿ ಮಾಡಿ, ಬೇಗ ಆರುವ ಥಿನ್ನರ್ ಹಾಕಿ ತೆಳ್ಳಗೆ ಹೊಡೆದರೆ ಪದರ ಬೇಗ ಕುಗ್ಗಿ ಹಲ್ಲೆಗಳನ್ನು ಚಪ್ಪಟೆಯಾಗಿ ಒತ್ತುತ್ತದೆ, ಬಣ್ಣ ತಿಳಿಯಾಗುತ್ತದೆ. ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಹಲ್ಲೆಗಳು ತೇಲಾಡಿ ಬೇಕಾದ ಹಾಗೆ ನಿಲ್ಲುತ್ತವೆ; ಬಣ್ಣ ಗಾಢವಾಗುತ್ತದೆ. ಒಂದೇ ಲೋಟ, ಒಂದೇ ಗನ್ನು, ಒಬ್ಬನೇ ಮನುಷ್ಯ. ಊಟಕ್ಕೆ ಮುಂಚೆ ಹೊಡೆದದ್ದಕ್ಕೂ ಊಟವಾದ ಮೇಲೆ ಹೊಡೆದದ್ದಕ್ಕೂ ವ್ಯತ್ಯಾಸ ಬರಬಹುದು. ಕಾರ್ಖಾನೆಯಲ್ಲಿ ಇದೇ ಕೆಲಸವನ್ನು ವೇಗವಾಗಿ ತಿರುಗುವ ಬಟ್ಟಲಿನ ತುದಿಯಿಂದ, ವಿದ್ಯುತ್ತಿನ ಸೆಳೆತದಲ್ಲಿ, ರೋಬೋಟು ಮಾಡುತ್ತದೆ. ಅಲ್ಲಿ ಹಲ್ಲೆ ಮಲಗುವ ರೀತಿಯೇ ಬೇರೆ.

ಪರ್ಲ್ ಬಿಳಿಯ ಕತೆ ಇನ್ನೂ ಸೂಕ್ಷ್ಮ. ಬಿಳಿ ಬೇಸ್, ಅದರ ಮೇಲೆ ಅರೆಪಾರದರ್ಶಕ ಅಭ್ರಕದ ಕೋಟು, ಅದರ ಮೇಲೆ ಕ್ಲಿಯರ್. ನಡುವಿನದು ಎರಡು ಸಲವೋ ಮೂರು ಸಲವೋ ಎಂಬುದರ ಮೇಲೆ ಬಣ್ಣವೇ ಬದಲಾಗುತ್ತದೆ. ಅಚ್ಚುಕಟ್ಟಿನ ಪೇಂಟರ್ ಮೊದಲು ತಗಡಿನ ಪಟ್ಟಿಯೊಂದರ ಮೇಲೆ ಒಂದು, ಎರಡು, ಮೂರು ಕೋಟಿನ ಮೆಟ್ಟಿಲು ಮಾಡಿಕೊಂಡು ಗಾಡಿಯ ಪಕ್ಕ ಹಿಡಿದು ನೋಡುತ್ತಾನೆ. ಇಲ್ಲಿ ಚಿಪ್ಪಿನ ನೆನಪು ಬರುತ್ತದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1930ರ ದಶಕದಲ್ಲಿ ಮುತ್ತಿನ ಚಿಪ್ಪಿನ ಹೊಳಪನ್ನು ಅಧ್ಯಯನ ಮಾಡಿದರು. ತೆಳುಪದರಗಳ ನಡುವೆ ಬೆಳಕು ತನಗೆ ತಾನೇ ಅಡ್ಡ ಬರುವ ಆಟ ಅದು. ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕ ಕಾರಿನ ಮೇಲೆ ಆಡುವುದೂ ಅದೇ ಆಟ. ಪದರ ಒಂದಿಷ್ಟು ದಪ್ಪವಾದರೆ ಆಟದ ಫಲಿತಾಂಶ ಬೇರೆ.

ಇನ್ನು ಗೋವಾದ ಮಳೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎನ್‌ಸಿ ಬಣ್ಣ ಆರುವಾಗ ಥಿನ್ನರ್ ಹಾರಿ ತಗಡು ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಜು ಹಿಡಿಯುತ್ತದೆ. ಹೊಸ ಎರಡು ಡಬ್ಬಿಯ ಕ್ಲಿಯರಿನಲ್ಲೂ ಅದರ ಹಾರ್ಡನರ್ ನೀರಿನ ಅಂಶದ ಜೊತೆ ಬೆರೆತರೆ ಹೊಳಪು ಕೆಡುತ್ತದೆ, ಸಣ್ಣ ಗುಳ್ಳೆ ಏಳುತ್ತದೆ. (ಆ ಹಾರ್ಡನರ್ ಐಸೋಸಯನೇಟು, ಉಸಿರಿಗೆ ಹೋದರೆ ದಮ್ಮು ಹಿಡಿಸುವಂಥದ್ದು. ನಮ್ಮ ಶೆಡ್ಡುಗಳಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಹೊಡೆಯುತ್ತಾರೆ. ಬಣ್ಣ ಕೂಡಲಿಲ್ಲ ಎಂದು ಜಗಳಕ್ಕೆ ನಿಂತಾಗ ನನಗೆ ಇದು ನೆನಪಾಗಲಿಲ್ಲ.) ಮುಚ್ಚಿದ ಬೂತು, ಸುಮಾರು 60 ಡಿಗ್ರಿಯಲ್ಲಿ ಒಣಗಿಸುವ ವ್ಯವಸ್ಥೆ ಇದ್ದವರು ಮಳೆಯನ್ನು ಗೆಲ್ಲಬಹುದು. ತಾಡಪತ್ರಿಯ ಕೆಳಗಿನವರು ದೀಪಾವಳಿ ಆಗಲಿ ಬನ್ನಿ ಎನ್ನಬೇಕು, ಆದರೆ ಹಾಗೆ ಹೇಳಿದರೆ ಗಿರಾಕಿ ನಿಲ್ಲುವುದಿಲ್ಲ.

ಬಿಸಿಲು, ಉಪ್ಪು, ಕೆಂಪು ಧೂಳು

'ಗಾಡೀನ ಬಣ್ಣ ಬಿಟ್ಟೈತಿ' ಎಂಬುದು ಮೂರನೆಯ ಪಕ್ಷ. ಹೊಸ ಬಣ್ಣ ಕಾರ್ಖಾನೆಯ ಬಣ್ಣಕ್ಕೆ ಕೂಡಿದೆ, ಕಾರೇ ಈಗ ಕಾರ್ಖಾನೆಯ ಬಣ್ಣದಲ್ಲಿಲ್ಲ. ಬಿಸಿಲಿನ ನೇರಳಾತೀತ ಕಿರಣ ಬಣ್ಣದ ಅಣುಗಳನ್ನು ಒಡೆಯುತ್ತದೆ. ಹಳೆಯ ಒಂದೇ ಪದರದ ಕೆಂಪು ಕಾರುಗಳು ಗುಲಾಬಿಯಾಗಿ, ಕೈಗೆ ಸುಣ್ಣದ ಹಾಗೆ ಹತ್ತುತ್ತಿದ್ದುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಲಿಯರ್ ಕೋಟಿನಲ್ಲಿ ಕಿರಣ ತಡೆಯುವ ರಾಸಾಯನಿಕ ಇರುವುದರಿಂದ ಈಗಿನ ಬಣ್ಣ ಹೆಚ್ಚು ಬಾಳುತ್ತದೆ. ಆದರೂ ಕ್ಲಿಯರ್ ಸಣ್ಣಗೆ ಹಳದಿಗಟ್ಟುತ್ತದೆ, ಸೂಕ್ಷ್ಮ ಗೀರುಗಳಿಂದ ಮಸುಕಾಗುತ್ತದೆ. ಬಾನೆಟ್ಟು, ಟಾಪು ಮೊದಲು ಹೋಗುತ್ತವೆ, ಬಾಗಿಲುಗಳು ಆಮೇಲೆ.

ಗೋವಾ ಇದಕ್ಕೆ ತನ್ನದೇ ಪಾಲು ಸೇರಿಸುತ್ತದೆ. ಕರಾವಳಿಯ ಉಪ್ಪುಗಾಳಿ, ಮುರ್ಗಾಂವ್ ಬಂದರಿನ ಸುತ್ತ ವಾಸ್ಕೋದವರು ದೂರುತ್ತಲೇ ಬಂದ ಕಲ್ಲಿದ್ದಲ ಧೂಳು, ಗಣಿ ಲಾರಿಗಳು ಓಡುತ್ತಿದ್ದ ಉಸ್‌ಗಾಂವ್, ಕುಡಚಡೆ ಕಡೆಯ ಕೆಂಪು ಧೂಳು. 2012ರಲ್ಲಿ ಗಣಿಗಾರಿಕೆ ನಿಂತಾಗ ಆ ರಸ್ತೆಗಳ ಪಕ್ಕದ ಮನೆಗಳಿಗೂ ಮರಗಳಿಗೂ ತಮ್ಮ ಬಣ್ಣ ಮರಳಿತ್ತು. ಅದಿರಿನ ಧೂಳು ಮೆತ್ತಿದ ಕಾರನ್ನು ಒಣಬಟ್ಟೆಯಿಂದ ಒರೆಸುವುದೆಂದರೆ ಉಸುಕುಕಾಗದದಿಂದ ಉಜ್ಜಿದಂತೆ. ಬಿಳಿ ಕಾರಿನ ಕ್ಲಿಯರಿಗೆ ಈ ಕೆಂಪು ಇಳಿದಾಗ ಆಗುವ ಬಿಳಿ ಯಾವ ಶೇಡ್ ಕಾರ್ಡಿನಲ್ಲೂ ಸಿಗುವುದಿಲ್ಲ.

ಈ ವಾದ ಸತ್ಯ, ಆದರೆ ಮಿಸ್ತ್ರಿಗಳ ಕೈಯಲ್ಲಿ ಇದೊಂದು ಗುರಾಣಿಯೂ ಹೌದು. ಎರಡು ವರ್ಷದ ಕಾರಿಗೂ ಇದೇ ಮಾತು ಹೇಳುತ್ತಾರೆ. ಪರೀಕ್ಷೆ ಸುಲಭ. ಬಾಗಿಲು ತೆಗೆದು, ಬಿಸಿಲು ಬೀಳದ ಒಳಅಂಚಿನ ಬಣ್ಣವನ್ನು ಹೊರಗಿನದರ ಜೊತೆ ಹೋಲಿಸಿ. ಎರಡೂ ಒಂದೇ ಇದ್ದರೆ ಗಾಡಿ ಬಣ್ಣ ಬಿಟ್ಟಿಲ್ಲ. ಕಾರ್ಖಾನೆಗಳು ಒಳಅಂಚಿಗೆ ತೆಳ್ಳಗೆ ಹೊಡೆಯುವುದರಿಂದ ಈ ಪರೀಕ್ಷೆಯೂ ನೂರಕ್ಕೆ ನೂರಲ್ಲ, ಹೊರಗಿನದನ್ನು ಪಾಲಿಷ್ ಮಾಡದೆ ನೋಡಿದರಂತೂ ಬರೀ ಕೊಳೆಯನ್ನು ಅಳೆದಂತೆ.

ಕಣ್ಣು ಮತ್ತು ಯಂತ್ರ

ಸೀರೆಗೆ ಬ್ಲೌಸ್ ಪೀಸ್ ತರಲು ಹೋದ ಯಾವ ಹೆಂಗಸೂ ಅಂಗಡಿಯ ಬೆಳಕನ್ನು ನಂಬುವುದಿಲ್ಲ. ಬಟ್ಟೆಯನ್ನು ಬಾಗಿಲ ಹೊರಗೆ, ಬಿಸಿಲಿಗೆ ತಂದು ಹಿಡಿಯುತ್ತಾಳೆ. ಒಂದು ಬೆಳಕಿನಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕೂಡುವುದಿಲ್ಲ ಎಂಬುದು ನಮ್ಮ ಅಮ್ಮಂದಿರಿಗೆ ಗೊತ್ತಿದ್ದ ವಿಷಯ. ಬಣ್ಣದ ವಿಜ್ಞಾನದಲ್ಲಿ ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಎರಡು ಬಣ್ಣಗಳು ಬೇರೆ ಬೇರೆ ಪುಡಿಗಳಿಂದ ಆಗಿದ್ದರೆ, ಒಂದು ದೀಪದ ಕೆಳಗೆ ಕಣ್ಣಿಗೆ ಒಂದೇ ಸಂದೇಶ ಕಳಿಸಿ ಇನ್ನೊಂದರ ಕೆಳಗೆ ಬೇರೆಯಾಗಬಹುದು. ಕಾರ್ಖಾನೆಯ ಬಣ್ಣದ ಪುಡಿಯೂ ರಿಪೇರಿ ಟೋನರಿನ ಪುಡಿಯೂ ಬೇರೆ ಇರುವುದು ಸಾಮಾನ್ಯ. ಮಡಗಾಂವಿನ ನೀಲಿ ತಾಡಪತ್ರಿ ನನಗೆ ಮಾಡಿದ್ದೂ ಅಂಥದ್ದೇ: ಅದರಡಿ ಬರುವ ಬೆಳಕೇ ನೀಲಿ, ಎರಡು ಬೂದುಗಳ ನಡುವಿನ ಹಸಿರು ಅಲ್ಲಿ ಮುಳುಗಿಹೋಗಿತ್ತು.

ಯಂತ್ರದವರು ಇದಕ್ಕೆ ಸಂಖ್ಯೆಯ ಉತ್ತರ ಕೊಡುತ್ತಾರೆ. 1931ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ 'ಪ್ರಮಾಣಿತ ವೀಕ್ಷಕ'ನನ್ನು ಹುಟ್ಟಿಸಿತು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬಿಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದ ಒಟ್ಟು 17 ಜನರ ಕಣ್ಣಿನ ಸರಾಸರಿ ಅವನು. 1976ರಲ್ಲಿ ಬಂದ ಲ್ಯಾಬ್ ಪದ್ಧತಿ ಬಣ್ಣವನ್ನು ಮೂರು ಅಂಕಿಗಳಲ್ಲಿ ಹಿಡಿದು, ಎರಡು ಬಣ್ಣಗಳ ದೂರವನ್ನು ಡೆಲ್ಟಾ ಇ ಎಂಬ ಒಂದೇ ಅಂಕಿಯಲ್ಲಿ ಹೇಳಿತು. ಆ ಅಂಕಿ ಒಂದರ ಆಸುಪಾಸಿದ್ದರೆ ಕಣ್ಣಿಗೆ ಕಷ್ಟಪಟ್ಟು ಕಾಣುವ ವ್ಯತ್ಯಾಸ ಎಂಬುದು ರೂಢಿ. ಆದರೆ ಕಣ್ಣು ಎಲ್ಲ ಬಣ್ಣಕ್ಕೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. 1942ರಲ್ಲೇ ಮ್ಯಾಕ್ ಆಡಮ್ ಇದನ್ನು ತೋರಿಸಿದ್ದರು. ಕಡುಕೆಂಪಿನಲ್ಲಿ ದಾಟಿಹೋಗುವ ವ್ಯತ್ಯಾಸ ಬೂದಿನಲ್ಲಿ, ಬಿಳಿಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಅದಕ್ಕೇ ಸೂತ್ರವನ್ನು ತಿದ್ದುತ್ತಲೇ ಬಂದರು, 2000ದ ಹೊತ್ತಿಗೂ ತಿದ್ದುಪಡಿ ನಿಂತಿರಲಿಲ್ಲ. ಮೆಟಾಲಿಕ್‌ಗೆ ಒಂದು ಅಳತೆ ಸಾಲದು. ಹಲವು ಕೋನದ ಯಂತ್ರಗಳು 15, 25, 45, 75, 110 ಡಿಗ್ರಿಗಳಲ್ಲಿ ಬೇರೆ ಬೇರೆ ಅಂಕಿ ಕೊಡುತ್ತವೆ. ಐದರಲ್ಲಿ ನಾಲ್ಕು ಪಾಸಾಗಿ ಒಂದು ಫೇಲಾದರೆ ಬಣ್ಣ ಕೂಡಿತೋ ಇಲ್ಲವೋ? ಅದು ಸಾಧನ ಹೇಳುವ ಮಾತಲ್ಲ.

ಕಣ್ಣಿನ ಪಕ್ಷದವರದು ಇನ್ನೂ ಹಳೆಯ ಅನುಭವ. ಪ್ಯಾರಿಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಗೆ 1824ರಲ್ಲಿ ಮುಖ್ಯಸ್ಥರಾಗಿ ಬಂದ ರಸಾಯನಶಾಸ್ತ್ರಜ್ಞ ಶೆವ್ರಲ್, ಕಪ್ಪು ನೂಲಿಗೆ ಗಾಢತೆ ಸಾಲದು ಎಂಬ ದೂರಿನ ಬೆನ್ನು ಹತ್ತಿದರು. ನೂಲಿನ ಬಣ್ಣದಲ್ಲಿ ದೋಷ ಸಿಗಲಿಲ್ಲ. ಪಕ್ಕದಲ್ಲಿದ್ದ ನೀಲಿ, ನೇರಳೆಗಳು ಕಪ್ಪನ್ನು ಕಳೆಗುಂದಿಸುತ್ತಿದ್ದವು. 1839ರ ಅವರ ಗ್ರಂಥ ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ನಿಯಮವನ್ನು ಹೇಳುತ್ತದೆ. ಕಾರಿಗೂ ಅದು ಹೊಂದುತ್ತದೆ. ಬಾಗಿಲನ್ನು ಕಳಚಿ ಬೇರೆ ಕೋಣೆಯಲ್ಲಿ ಇಟ್ಟರೆ ಅದರ ಬಣ್ಣ ತಪ್ಪೆಂದು ಯಾರೂ ಹೇಳಲಾರರು. ಫೆಂಡರಿಗೆ ಅಂಟಿ ನಿಂತಾಗಲೇ ಅದು ತಪ್ಪು. ನಾವು ಬಣ್ಣ ಕೂಡಿಲ್ಲ ಎನ್ನುವುದು ಬಹುಪಾಲು ಗೆರೆಯ ದೂರು.

ಕೂಡಿಸಬೇಡ, ಕರಗಿಸು

ಈ ಗೆರೆಯನ್ನು ಹಿಡಿದ ಪಕ್ಷವೇ ನನಗೆ ಹೆಚ್ಚು ಬುದ್ಧಿವಂತ ಅನ್ನಿಸಿದ್ದು. ಬಣ್ಣ ಪೂರ್ತಿ ಕೂಡುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಇವರು ಕೆಲಸ ಶುರು ಮಾಡುತ್ತಾರೆ. ರಿಪೇರಿಯಾದ ಬಾಗಿಲಿಗೆ ಪೂರ್ತಿ ಬೇಸ್, ಪಕ್ಕದ ಫೆಂಡರಿಗೂ ಮುಂದಿನ ಬಾಗಿಲಿಗೂ ಅಂಚಿನಿಂದ ಒಳಕ್ಕೆ ತೆಳುವಾಗುತ್ತ ಹೋಗುವ ಬೇಸ್, ಆಮೇಲೆ ಮೂರಕ್ಕೂ ಪೂರ್ತಿ ಕ್ಲಿಯರ್. ಎರಡು ಬೂದುಗಳ ನಡುವಿನ ದೂರ ಅಷ್ಟೇ ಇರುತ್ತದೆ, ಆದರೆ ಅದು ಒಂದು ಗೆರೆಯ ಮೇಲೆ ಕೂಡಿ ಬೀಳದೆ ಎರಡು ಅಡಿ ಹರಡಿಕೊಳ್ಳುತ್ತದೆ, ಕಣ್ಣು ಹಿಡಿಯಲಾರದು. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ಬ್ಲೆಂಡಿಂಗ್.

ಇದನ್ನು ಒಪ್ಪದವರೂ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಪೆಟ್ಟಾಗದ ಫೆಂಡರಿನ ಮೇಲಿರುವುದು 140 ಡಿಗ್ರಿಯಲ್ಲಿ ಬೆಂದ ಕಾರ್ಖಾನೆಯ ಪದರ. ಅದನ್ನು ಉಸುಕುಕಾಗದದಿಂದ ಕೆರೆದು ಅದಕ್ಕಿಂತ ಮೆತ್ತಗಿನ ಕ್ಲಿಯರ್ ಹೊಡೆಯುವುದು ಯಾಕೆ? ಕಾರು ಮಾರುವಾಗ ಕೊಳ್ಳುವವನು ಪದರದ ದಪ್ಪ ಅಳೆಯುವ ಮೀಟರ್ ತರುತ್ತಾನೆ. ಕಾರ್ಖಾನೆಯ ಎಲ್ಲ ಪದರ ಸೇರಿ ಸುಮಾರು 100ರಿಂದ 120 ಮೈಕ್ರಾನ್, ಫೆಂಡರು 180 ತೋರಿಸಿದರೆ ಅಪಘಾತದ ಗಾಡಿ ಎಂದು ಬೆಲೆ ಇಳಿಸುತ್ತಾನೆ. ಮ್ಯಾಟ್ ಬಣ್ಣದ ಕಾರಿಗಂತೂ ಈ ಉಪಾಯ ಇನ್ನೂ ಕಷ್ಟ. ಅಂಚನ್ನು ಪಾಲಿಷ್ ಮಾಡಿದರೆ ಅಲ್ಲೇ ಹೊಳಪೇಳುತ್ತದೆ.

ಪಣಜಿಯ ಫೊಂಟೇನ್ಹಾಸಿನ ಹಳೆಯ ಮನೆಗಳಿಗೆ ಮಳೆ ಮುಗಿದ ಮೇಲೆ ಬಣ್ಣ ಬಳಿಯುವವರು ಗೋಡೆಯ ನಡುವೆ ತೇಪೆ ಹಾಕಿ ನಿಲ್ಲಿಸುವುದಿಲ್ಲ, ಮೂಲೆಯಿಂದ ಮೂಲೆಗೆ ಒಯ್ಯುತ್ತಾರೆ. ಮೂಲೆಯಲ್ಲಿ ಬೆಳಕು ಹೇಗೂ ತಿರುಗುತ್ತದೆ, ಬಣ್ಣದ ವ್ಯತ್ಯಾಸ ನೆರಳಿನ ಲೆಕ್ಕಕ್ಕೆ ಹೋಗುತ್ತದೆ. ಹಳೆಯ ಟಿಂಕರ್‌ಗಳು ಕಾರಿನ ಮೈಗೆರೆಯ ತನಕ ಹೊಡೆದು ಅಲ್ಲಿಗೆ ನಿಲ್ಲಿಸುವುದೂ ಇದೇ ಲೆಕ್ಕದಿಂದ.

ಬಿಲ್ಲಿನಲ್ಲಿಲ್ಲದ ಸಾಲು

ಕರಗಿಸಲು ದುಡ್ಡು ಬೇಕು, ವಿಮೆ ಕೊಡುವುದು ಪೆಟ್ಟಾದ ಭಾಗಕ್ಕೆ. ಪಕ್ಕದ ಫೆಂಡರಿಗೆ ಪೆಟ್ಟಾಗಿಲ್ಲವಲ್ಲ ಎಂಬ ಸರ್ವೇಯರನ ಮಾತು ಪಾಲಿಸಿಯ ಅಕ್ಷರಕ್ಕೆ ಸರಿ. ಬಣ್ಣದ ಬಿಲ್ಲಿನ ಸಾಮಾನಿನ ವೆಚ್ಚದಲ್ಲಿ 50 ಪ್ರತಿಶತ ಸವಕಳಿ ಕಳೆಯುತ್ತಾರೆ. ಸಾಮಾನು, ಕೂಲಿ ಬೇರೆ ಮಾಡದ ಒಟ್ಟು ಬಿಲ್ಲಾದರೆ ಅದರ 25 ಪ್ರತಿಶತವನ್ನು ಸಾಮಾನು ಎಂದು ಹಿಡಿಯುತ್ತಾರೆ. ಅಂದರೆ 10,000 ರೂಪಾಯಿಯ ಬಣ್ಣದ ಬಿಲ್ಲಿನಲ್ಲಿ 2,500 ಸಾಮಾನು, ಅದರರ್ಧ 1,250 ನಮ್ಮ ಕಿಸೆಯಿಂದ. ಸವಕಳಿ ಇಲ್ಲದ ಪಾಲಿಸಿ ಕೊಂಡವರಿಗೆ ಇದು ಉಳಿಯುತ್ತದೆ. ಇಷ್ಟು ಬಿಡಿಸಿ ಲೆಕ್ಕ ಹಾಕುವ ಪಾಲಿಸಿಯಲ್ಲಿ ಬಣ್ಣ ಕೂಡಬೇಕು ಎಂಬ ಮಾತಿಗೆ ಮಾತ್ರ ಅಳತೆಯಿಲ್ಲ.

ಗೋವಾದ ಬಾಡಿಗೆ ಕಾರುಗಳ ಲೋಕದಲ್ಲಿ ಪ್ರಶ್ನೆ ಉಲ್ಟಾ ಆಗುತ್ತದೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಆ ಕಾರುಗಳನ್ನು ತೆಗೆದುಕೊಳ್ಳುವ ಪ್ರವಾಸಿಗ ಮೊದಲು ಮಾಡುವ ಕೆಲಸ ಸುತ್ತಲೂ ವಿಡಿಯೋ ತೆಗೆಯುವುದು, ಹಳೆಯ ಗೀರು ತನ್ನ ತಲೆಗೆ ಬರಬಾರದು ಎಂದು. ಇಲ್ಲಿ ಕೂಡದ ಬಣ್ಣ ಒಂದು ದಾಖಲೆ, ಈ ಬಂಪರ್ ಮೊದಲೂ ಬಿದ್ದಿತ್ತು ಎಂಬುದಕ್ಕೆ ಸಾಕ್ಷಿ. ಮಾಲೀಕನಿಗೆ ಚೌಕಾಸಿ ಮಾಡಿದ ಅಗ್ಗದ ಪೇಂಟು ಸಾಕು. ಇನ್ನು 1980ರಿಂದ ಓಡುತ್ತಿರುವ ಕದಂಬ ಬಸ್ಸುಗಳ ತಗಡಿನ ತೇಪೆಯ ಬಣ್ಣ ಕೂಡಿಲ್ಲ ಎಂದು ಯಾರಾದರೂ ಇಳಿದು ಹೋದದ್ದುಂಟೇ?

ಸ್ವಂತ ಕಾರಿನವನಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆಯ ಬಗ್ಗೆ ಹೇಳುತ್ತದೆ, ಡೆಲ್ಟಾ ಇ ಬಗ್ಗೆ ಹೇಳುವುದಿಲ್ಲ. ಫೋಟೋ ತೋರಿಸುತ್ತೇವೆ ಎನ್ನೋಣ. ಮೊಬೈಲು ತಾನೇ ಬಣ್ಣ ತಿದ್ದಿಕೊಳ್ಳುತ್ತದೆ. ಯಾವ ಕೋನದ ಫೋಟೋ, ಎಷ್ಟು ಹೊತ್ತಿನ ಬಿಸಿಲು?

ಇನ್ನೂ ತೀರದ್ದು

ಯಾವ ಬೆಳಕಿನಲ್ಲಿ ನೋಡಿ ಪಾಸು ಮಾಡಬೇಕು ಎಂಬುದು ಕಾರ್ಖಾನೆಗಳ ಒಳಗೆ ತೀರ್ಮಾನವಾಗಿದೆ, ಗ್ಯಾರೇಜಿನ ಅಂಗಳದಲ್ಲಿ ಆಗಿಲ್ಲ. ಹಲ್ಲೆಗಳ ಮಿನುಗನ್ನೂ ತರಿತರಿಯನ್ನೂ ಅಳೆಯುವ ಯಂತ್ರಗಳು ಬಂದಿವೆ, ಆದರೆ ಎಷ್ಟು ಮಿನುಗಿನ ವ್ಯತ್ಯಾಸ ಮನುಷ್ಯನಿಗೆ ಸಿಟ್ಟು ತರಿಸುತ್ತದೆ ಎಂಬುದಕ್ಕೆ ಎಲ್ಲರೂ ಒಪ್ಪುವ ಅಂಕಿಯಿಲ್ಲ. ಯುರೋಪು 2007ರಿಂದ ರಿಪೇರಿ ಬಣ್ಣಕ್ಕೂ ದ್ರಾವಕದ ಮಿತಿ ಹಾಕಿ ನೀರಿನ ಬೇಸಿನ ಕಡೆ ತಿರುಗಿತು. ಆ ಬಣ್ಣ ಆರುವುದು ಗಾಳಿಯ ತೇವದ ಮೇಲೆ ನಿಂತಿದೆ. ಕೊಂಕಣದ ಮಳೆಗಾಲದಲ್ಲಿ, ಬೂತಿಲ್ಲದ ಶೆಡ್ಡಿನಲ್ಲಿ ಅದು ಹೇಗೆ ಸಾಗಬೇಕು? ಬ್ಲೆಂಡಿಂಗ್ ರಿಪೇರಿಯ ಭಾಗವೋ ಅಲಂಕಾರವೋ ಎಂಬುದು ವಿಮೆಯವರಿಗೂ ಗ್ಯಾರೇಜಿನವರಿಗೂ ನಡುವೆ ಹಾಗೇ ನೇತಾಡುತ್ತಿದೆ.

ಎಲ್ಲಕ್ಕಿಂತ ಮೂಲದ ಪ್ರಶ್ನೆ ನನಗೆ ಎದುರಾದದ್ದು ಮಳೆ ಮುಗಿದ ಮೇಲೆ, ಮತ್ತೆ ಅದೇ ಶೆಡ್ಡಿಗೆ ಹೋದಾಗ. ಬಣ್ಣ ಮಾಡಿಸಲು ಅಂಗಡಿಗೆ ಏನು ಒಯ್ದಿದ್ದೆ ಎಂದು ಮಿಸ್ತ್ರಿಯನ್ನು ಕೇಳಿದೆ. "ಪೆಟ್ರೋಲ್ ಮುಚ್ಚಳ ಬಿಚ್ಚಿ ಒಯ್ದಿದ್ದೆ ನೋಡ್ರಿ, ಎಲ್ಲಾರೂ ಅದನ್ನ ಒಯ್ಯೂದು" ಅಂದ. ಮುಚ್ಚಳವನ್ನು ಬಾಗಿಲಿಗೆ ಹಿಡಿದು ತೋರಿಸಿದ. ಅಕ್ಟೋಬರಿನ ನಿಚ್ಚಳ ಬಿಸಿಲಿನಲ್ಲಿ ಎರಡೂ ಒಂದೇ ಬೂದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಕಾರಿನ ಪೆಟ್ರೋಲ್ ಮುಚ್ಚಳ ಇರುವುದು ಬಲಗಡೆ. ಒಂಬತ್ತು ವರ್ಷದಿಂದ ಕಾರು ನಿಲ್ಲುವ ಜಾಗದಲ್ಲಿ ಬಲಗಡೆಗೆ ಗೋಡೆಯ ನೆರಳು, ಎಡಗಡೆಗೆ ಮಧ್ಯಾಹ್ನದ ಮೇಲಿನ ಬಿಸಿಲು.

"ಹಂಗಾರ ಎಡಗಡೀದು ಪೂರಾ ಹೊಡೀಲೇನ್ರಿ, ಇಲ್ಲಾ ಈ ಬಾಗಿಲಾ ಒಂದ ಕೆಡಸ್ಲೇನ್ರಿ?" ಎಂದು ಅವನು ಕೇಳಿದ. ವಿಚಾರ ಮಾಡಿ ಹೇಳುತ್ತೇನೆ ಎಂದು ಬಂದಿದ್ದೇನೆ.